ಹೆಣ್ಣು ಯಾವುದು, ತಿಳಿಯುವುದು ಹೇಗೆ? ಹೊಲದಿಂದ ಮನೆಯವರೆಗೆ ಒಂದು ಮಾರ್ಗದರ್ಶಿ

ಕಲಬುರಗಿ, ಬೀದರ್, ಯಾದಗಿರಿ ಕಡೆ ಹೊಲ-ಹಿತ್ತಲು ಇಟ್ಟುಕೊಂಡವರು ಇಂಥ ಪ್ರಶ್ನೆಗಳನ್ನು ಎಂದಾದರೂ ಕೇಳಿಯೇ ಇರುತ್ತಾರೆ. ಪಪ್ಪಾಯಿ ಗಿಡ ಆಳೆತ್ತರ ಬೆಳೆದು ಗೊಂಚಲುಗಟ್ಟಲೆ ಹೂ ಬಿಟ್ಟರೂ ಒಂದು ಕಾಯಿ ಯಾಕೆ ನಿಲ್ಲಲಿಲ್ಲ? ಅವಳಿಯಲ್ಲಿ ಹುಟ್ಟಿದ ಮಣಕ ಇಷ್ಟು ದೊಡ್ಡದಾದರೂ ಬೆದೆಗೆ ಯಾಕೆ ಬರಲಿಲ್ಲ? ಹೇಂಟೆ ಹುಂಜದ ಹಾಗೆ ಕೂಗಿತಲ್ಲ, ಮನೆಗೆ ಕೇಡೇನಾದರೂ ಇದೆಯೇ? ಇವೆಲ್ಲಕ್ಕಿಂತ ಭಾರವಾದ ಪ್ರಶ್ನೆಯನ್ನು ಅಡುಗೆಮನೆಯ ಬಾಗಿಲಲ್ಲಿ ದನಿ ತಗ್ಗಿಸಿ ಕೇಳುತ್ತಾರೆ: ಸೊಸೆಗೆ ಬರೀ ಹೆಣ್ಣುಮಕ್ಕಳೇ ಹುಟ್ಟುತ್ತಿವೆ, ತಪ್ಪು ಯಾರದು?

ನಾಲ್ಕು ಪ್ರಶ್ನೆಗಳಿಗೂ ಬುಡ ಒಂದೇ. ಜೀವಲೋಕದಲ್ಲಿ ಹೆಣ್ಣು ಎಂದರೆ ಏನು ಎಂಬುದು ಸರಿಯಾಗಿ ತಿಳಿದರೆ ಗಿಡದ ಪ್ರಶ್ನೆಯೂ ಬಿಡಿಸುತ್ತದೆ, ಕೊಟ್ಟಿಗೆಯದೂ ಬಿಡಿಸುತ್ತದೆ, ಮನೆಯೊಳಗಿನ ಅನ್ಯಾಯವೂ ಕಣ್ಣಿಗೆ ಬೀಳುತ್ತದೆ. ಅದಕ್ಕೇ ಈ ಮಾರ್ಗದರ್ಶಿಯನ್ನು ಪಾಠದ ಕ್ರಮದಲ್ಲಿ ಬರೆಯದೆ, ನೀವು ಕೈಯಲ್ಲಿ ಹಿಡಿದು ನೋಡಬಹುದಾದ ಕ್ರಮದಲ್ಲಿ ಬರೆದಿದ್ದೇನೆ.

ಮೊದಲ ಹೆಜ್ಜೆ: ರೂಪ ಬಿಡಿ, ಲಿಂಗಾಣು ನೋಡಿ

ಹೆಣ್ಣನ್ನು ಗುರುತಿಸಲು ನಾವು ಸಾಮಾನ್ಯವಾಗಿ ಬಳಸುವ ಗುರುತುಗಳು ಒಂದೊಂದು ಜೀವಿಯಲ್ಲಿ ಒಂದೊಂದು ರೀತಿ ಕೈಕೊಡುತ್ತವೆ. ಕೊಂಬಿರುವುದು ಗಂಡು ಎನ್ನೋಣವೆಂದರೆ, ಬೀದರ್ ಸುತ್ತಲಿನ ಕೃಷ್ಣಮೃಗದಲ್ಲಿ ಅದು ಬಹುಮಟ್ಟಿಗೆ ನಿಜ. ಆದರೆ ಅದೇ ಸೀಮೆಯ ದೇವಣಿ ಆಕಳಿಗೂ ಹೋರಿಗೂ ಇಬ್ಬರಿಗೂ ಕೊಂಬಿದೆ. ಹಾಡುವುದು ಹೆಣ್ಣು ಎನ್ನೋಣವೆಂದರೆ, ಬೇವಿನ ಮರದಲ್ಲಿ ಕುಹೂ ಎನ್ನುವ ಕಪ್ಪು ಕೋಗಿಲೆ ಗಂಡು. ಕಂದು ಮೈಮೇಲೆ ಬಿಳಿ ಚುಕ್ಕೆ ಹೊತ್ತು ಕಿಕ್-ಕಿಕ್ ಎಂದು ಹಾರಿಹೋಗುವುದು ಹೆಣ್ಣು. ದೊಡ್ಡ ಮೈಯದು ಗಂಡು ಎನ್ನಲೂ ಆಗದು, ಬಹುತೇಕ ಜೇಡಗಳಲ್ಲಿ ಹೆಣ್ಣೇ ದೊಡ್ಡದು. ಮರಿ ಸಾಕುವುದು ಹೆಣ್ಣು ಎಂಬ ಮಾತೂ ಎಲ್ಲ ಕಡೆ ನಿಲ್ಲುವುದಿಲ್ಲ. ತಾವರೆ ಎಲೆಗಳ ಮೇಲೆ ನಡೆಯುವ ದೇವನಕ್ಕಿಯಲ್ಲಿ ಹೆಣ್ಣು ಮೊಟ್ಟೆ ಇಟ್ಟು ಮುಂದೆ ಹೋಗುತ್ತದೆ. ಕಾವು ಕೊಟ್ಟು ಮರಿ ಕಾಯುವುದು ಗಂಡು.

ಹಾಗಾದರೆ ಎಲ್ಲ ಕಡೆ ಸಲ್ಲುವ ಗುರುತು ಯಾವುದು? ಲಿಂಗಾಣುವಿನ, ಅಂದರೆ ಸಂತಾನಕ್ಕಾಗಿ ದೇಹ ತಯಾರಿಸುವ ಕಣದ, ಗಾತ್ರ. ಎರಡು ಲಿಂಗಾಣುಗಳು ಕೂಡಿ ಹೊಸ ಜೀವ ಆಗುವಲ್ಲಿ, ದೊಡ್ಡ ಲಿಂಗಾಣುವನ್ನು ತಯಾರಿಸುವ ದಿಕ್ಕಿಗೆ ಕಟ್ಟಿಕೊಂಡ ದೇಹ ಹೆಣ್ಣು, ಚಿಕ್ಕದನ್ನು ತಯಾರಿಸುವ ದಿಕ್ಕಿನದು ಗಂಡು. ಹೆಣ್ಣಿನ ಲಿಂಗಾಣುವಾದ ಅಂಡಾಣು ದೂರದ ಊರಿಗೆ ಹೊರಟವರ ಹಾಗೆ ಬುತ್ತಿ ಕಟ್ಟಿಕೊಂಡು ಬಂದಿರುತ್ತದೆ: ಪೋಷಕಾಂಶ, ಜೀವದ್ರವ್ಯ, ಶಕ್ತಿ ಹುಟ್ಟಿಸುವ ಮೈಟೊಕಾಂಡ್ರಿಯಾ ಎಲ್ಲವೂ ಅದರಲ್ಲಿವೆ. ಗಂಡಿನ ಲಿಂಗಾಣುವಾದ ವೀರ್ಯಾಣು ತರುವುದು ಹೆಚ್ಚುಕಡಿಮೆ ತನ್ನ ಪಾಲಿನ ವರ್ಣತಂತುಗಳನ್ನು, ಅಂದರೆ ವಂಶದ ಗುಣ ಹೊತ್ತ ಎಳೆಗಳನ್ನು, ಮಾತ್ರ. ಮನುಷ್ಯರ ಅಂಡಾಣು ಸುಮಾರು 0.1 ಮಿಲಿಮೀಟರ್, ಕಣ್ಣು ಚುರುಕಿದ್ದವರಿಗೆ ಬರಿಗಣ್ಣಿಗೇ ಕಾಣುವಷ್ಟು. ವೀರ್ಯಾಣುವಿನ ತಲೆ ಅದರ ಇಪ್ಪತ್ತನೇ ಒಂದು ಭಾಗದಷ್ಟೂ ಉದ್ದವಿಲ್ಲ. ಇಷ್ಟು ದೊಡ್ಡ ಕಣವಾದರೂ ಸಸ್ತನಿಗಳ ಅಂಡಾಣುವನ್ನು ಕಂಡು ವಿವರಿಸಿದ್ದು 1827ರಲ್ಲಿ, ಕಾರ್ಲ್ ಅರ್ನ್ಸ್ಟ್ ಫಾನ್ ಬೇರ್ ಎಂಬ ವಿಜ್ಞಾನಿ, ನಾಯಿಯೊಂದರ ಅಂಡಾಶಯದಲ್ಲಿ. ಅಲ್ಲಿಯ ತನಕ ಹೆಣ್ಣು ಬರೀ ಹೊಲ, ಬೀಜ ಗಂಡಿನದು ಎಂಬ ನಂಬಿಕೆ ಹಲವು ದೇಶಗಳಲ್ಲಿ ಗಟ್ಟಿಯಾಗಿತ್ತು. ನಮ್ಮಲ್ಲಿ ಈಗಲೂ ಆ ಮಾತು ಕೇಳಿಬರುತ್ತದೆ. ಅದು ತಪ್ಪು. ವರ್ಣತಂತುಗಳಲ್ಲಿ ಇಬ್ಬರ ಪಾಲೂ ಸಮ, ಉಳಿದ ಬಂಡವಾಳ ಬಹುತೇಕ ತಾಯಿಯದು.

ಎರಡು ಗಾತ್ರ ಯಾಕೆ ಬಂದವು ಎಂಬುದಕ್ಕೆ ಪಾರ್ಕರ್, ಬೇಕರ್, ಸ್ಮಿತ್ ಎಂಬ ಮೂವರು 1972ರಲ್ಲಿ ಕೊಟ್ಟ ವಿವರಣೆ ಇಂದಿಗೂ ಮುಖ್ಯವಾದದ್ದು. ಸಣ್ಣ ಲಿಂಗಾಣುಗಳನ್ನು ಬಹಳ ಮಾಡಬಹುದು, ಅವು ಜೊತೆಗಾರನನ್ನು ಹುಡುಕಿಕೊಳ್ಳುವ ಸಾಧ್ಯತೆ ಹೆಚ್ಚು. ದೊಡ್ಡವನ್ನು ಕೆಲವೇ ಮಾಡಬಹುದು, ಆದರೆ ಅವುಗಳಿಂದ ಹುಟ್ಟಿದ ಜೀವ ಬದುಕುಳಿಯುವುದು ಹೆಚ್ಚು. ನಡುವಿನ ಗಾತ್ರದವು ಎರಡೂ ಲಾಭ ಕಳೆದುಕೊಂಡು ಹಿಂದೆ ಬಿದ್ದವು. ಕೆರೆಯ ಕೆಲವು ಹಸಿರು ಪಾಚಿಗಳಲ್ಲಿ ಇಂದಿಗೂ ಎರಡು ಲಿಂಗಾಣುಗಳೂ ಒಂದೇ ಗಾತ್ರದವು. ಅಲ್ಲಿ ಹೆಣ್ಣು-ಗಂಡು ಎಂದು ಕರೆಯಲು ಆಧಾರವೇ ಇಲ್ಲ.

ಒಂದು ಎಚ್ಚರಿಕೆ. ಅಂಡಾಣು ಈ ಕ್ಷಣ ತಯಾರಾಗುತ್ತಿದೆಯೇ ಎಂಬುದು ಅಳತೆಗೋಲಲ್ಲ. ಮೊಟ್ಟೆ ನಿಲ್ಲಿಸಿದ ಮುದಿ ಹೇಂಟೆ, ಇನ್ನೂ ಬೆದೆಗೆ ಬಾರದ ಕರು, ಮುಟ್ಟು ನಿಂತ ಅಜ್ಜಿ, ಮಕ್ಕಳಾಗದ ಹೆಂಗಸು ಎಲ್ಲರೂ ಹೆಣ್ಣೇ. ದೇಹ ಯಾವ ದಾರಿಯಲ್ಲಿ ಬೆಳೆದು ಬಂದಿದೆ ಎಂಬುದು ಮುಖ್ಯ, ಎಷ್ಟು ಹೆತ್ತಿದೆ ಎಂಬುದಲ್ಲ. ಮಕ್ಕಳಾಗದವಳನ್ನು ಬಂಜೆ ಎಂದು ಕರೆದು ಹೆಣ್ಣುತನವನ್ನೇ ಕಿತ್ತುಕೊಳ್ಳುವ ಬಾಯಿಗಳಿಗೆ ಜೀವಶಾಸ್ತ್ರದಲ್ಲಿ ಯಾವ ಬೆಂಬಲವೂ ಇಲ್ಲ.

ಎರಡನೇ ಹೆಜ್ಜೆ: ಪಪ್ಪಾಯಿಯ ಹೂ ಬಿಡಿಸಿ ನೋಡಿ

ಕಲಿಯಲು ಪಪ್ಪಾಯಿಗಿಂತ ಒಳ್ಳೆಯ ಗಿಡ ನನಗೆ ಗೊತ್ತಿಲ್ಲ. ಇದರಲ್ಲಿ ಗಂಡು ಗಿಡ, ಹೆಣ್ಣು ಗಿಡ, ಒಂದೇ ಹೂವಿನಲ್ಲಿ ಎರಡೂ ಇರುವ ದ್ವಿಲಿಂಗಿ ಗಿಡ ಹೀಗೆ ಮೂರು ಬಗೆ. ಎಲೆಯ ಆಕಾರ ನೋಡಿ, ಬೇರು ನೋಡಿ, ಬೀಜದ ಬಣ್ಣ ನೋಡಿ ಗಂಡು-ಹೆಣ್ಣು ಹೇಳುತ್ತೇವೆ ಎನ್ನುವವರು ಸಿಗುತ್ತಾರೆ. ಅದನ್ನು ನಂಬಿ ಸಸಿ ಕೀಳಬೇಡಿ. ಹೂ ಬರುವ ತನಕ ಕಾಯಬೇಕು.

ಹೂ ಬಂದ ಮೇಲೆ ಮೊದಲು ತೊಟ್ಟು ನೋಡಿ. ಉದ್ದನೆಯ, ಜೋತುಬಿದ್ದ, ಕವಲೊಡೆದ ತೊಟ್ಟಿನ ತುಂಬ ಸಣ್ಣ ಕೊಳವೆಯಂಥ ಹೂಗಳಿದ್ದರೆ ಅದು ಗಂಡು. ಕಾಂಡಕ್ಕೆ ಅಂಟಿಕೊಂಡಂತೆ ಗಿಡ್ಡ ತೊಟ್ಟಿನಲ್ಲಿ ಒಂದೋ ಎರಡೋ ದಪ್ಪ ಹೂವಿದ್ದರೆ ಹೆಣ್ಣು ಅಥವಾ ದ್ವಿಲಿಂಗಿ. ಇವೆರಡರಲ್ಲಿ ಯಾವುದೆಂದು ತಿಳಿಯಲು ಒಂದು ಹೂ ಕಿತ್ತು ಎಸಳು ಬಿಡಿಸಿ. ನಡುವೆ ಬುಡ ಉಬ್ಬಿದ ಅಂಡಾಶಯ, ತುದಿಯಲ್ಲಿ ಸೀಳಿಕೊಂಡ ಶಲಾಕೆ ಮಾತ್ರ ಇದ್ದು, ಸುತ್ತ ಹಳದಿ ಪುಡಿಯ ಕೇಸರಗಳು ಇಲ್ಲವೆಂದರೆ ಹೆಣ್ಣು. ಅಂಡಾಶಯ ತುಸು ನೀಳವಾಗಿದ್ದು ಸುತ್ತ ಕೇಸರಗಳಿದ್ದರೆ ದ್ವಿಲಿಂಗಿ.

ಹಣ್ಣಿನಲ್ಲೂ ಗುರುತಿದೆ. ಹೆಣ್ಣು ಗಿಡದ ಹಣ್ಣು ದುಂಡಗೆ, ಒಳಗೆ ಪೊಳ್ಳು ದೊಡ್ಡದು. ದ್ವಿಲಿಂಗಿಯ ಹಣ್ಣು ಉದ್ದ, ತಿರುಳು ದಪ್ಪ. ಮಾರುಕಟ್ಟೆಯಲ್ಲಿ ಹೆಚ್ಚು ಕೇಳುವುದು ಇದನ್ನೇ. ರೆಡ್ ಲೇಡಿ 786ರಂಥ ತಳಿಗಳಲ್ಲಿ ಗಂಡು ಗಿಡ ಬರುವುದಿಲ್ಲ, ಹೆಣ್ಣು ಮತ್ತು ದ್ವಿಲಿಂಗಿ ಮಾತ್ರ. ನಾಟಿ ತಳಿಯ ಉದ್ದ ಹಣ್ಣಿನಿಂದ ಬೀಜ ಇಟ್ಟುಕೊಂಡು, ಆ ಹೂವಿಗೆ ತನ್ನದೇ ಪರಾಗ ಬಿದ್ದಿದ್ದರೆ, ಮೂರರಲ್ಲಿ ಎರಡು ಪಾಲು ದ್ವಿಲಿಂಗಿ, ಒಂದು ಪಾಲು ಹೆಣ್ಣು ಬರುತ್ತವೆ. ಅದಕ್ಕೇ ಗುಣಿಗೆ ಮೂರು ಸಸಿ ನೆಟ್ಟು, ಹೂ ಬಂದಾಗ ಒಂದು ದ್ವಿಲಿಂಗಿ ಉಳಿಸಿಕೊಂಡು ಬೇರೆಯವನ್ನು ತೆಗೆಯುವುದು ಲೆಕ್ಕಕ್ಕೆ ಸರಿಹೋಗುತ್ತದೆ: ಮೂರೂ ಹೆಣ್ಣೇ ಆಗುವ ಸಾಧ್ಯತೆ 27ರಲ್ಲಿ 1 ಮಾತ್ರ. ಕಂಪನಿಯ ಹೈಬ್ರಿಡ್ ಹಣ್ಣಿನ ಬೀಜಕ್ಕೆ ಕೈಹಾಕಬೇಡಿ, ಮುಂದಿನ ಪೀಳಿಗೆಯಲ್ಲಿ ಗುಣ ಚದುರಿಹೋಗುತ್ತದೆ. ಗಂಡು-ಹೆಣ್ಣು ಬೇರೆ ಬೇರೆ ಗಿಡವಾಗಿ ಬರುವ ಹಳೆಯ ತಳಿಯಾದರೆ ಹತ್ತು ಹನ್ನೆರಡು ಹೆಣ್ಣಿಗೆ ಒಂದು ಗಂಡು ಗಿಡ ಇರಲೇಬೇಕು. ಕಾಯಿ ಬಿಡದ ಗಿಡವೆಂದು ಗಂಡುಗಳನ್ನೆಲ್ಲ ಕಡಿದರೆ ಹೆಣ್ಣು ಗಿಡದ ಹೂವೂ ಉದುರುತ್ತದೆ.

ನಮ್ಮ ಸೀಮೆಗೆ ಸಂಬಂಧಿಸಿದ ಇನ್ನೊಂದು ಮಾತು. ಏಪ್ರಿಲ್-ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟಿದಾಗ ದ್ವಿಲಿಂಗಿ ಗಿಡಗಳು ಗಂಡಿನ ಕಡೆಗೆ ವಾಲುತ್ತವೆ. ಹೂ ಬರುತ್ತವೆ, ಒಳಗಿನ ಅಂಡಾಶಯ ಬೆಳೆಯುವುದಿಲ್ಲ, ಕಾಯಿ ಇಲ್ಲ. ಗಿಡ ಕೆಟ್ಟಿದೆ ಎಂದು ಕಡಿಯಬೇಡಿ. ನೀರು, ಮುಚ್ಚಿಗೆ ಕೊಟ್ಟು ಕಾಯಿರಿ, ಮಳೆ ಬಂದು ತಂಪಾದ ಮೇಲೆ ಸರಿಯಾದ ಹೂ ಬರುತ್ತದೆ. ಶುದ್ಧ ಹೆಣ್ಣು ಗಿಡ ಹೀಗೆ ವಾಲುವುದಿಲ್ಲ. ಒಂದೇ ಗಿಡದಲ್ಲಿ ಹೆಣ್ಣಿನ ಕೆಲಸ ಹವಾಮಾನಕ್ಕೆ ತಕ್ಕಂತೆ ನಿಂತು ಮತ್ತೆ ಶುರುವಾಗುವುದನ್ನು ನೋಡಿದವರಿಗೆ ಪ್ರಕೃತಿ ಎಷ್ಟು ಬಗೆಯಲ್ಲಿ ಕೆಲಸ ಮಾಡುತ್ತದೆ ಎಂಬುದು ಮನಸ್ಸಿಗೆ ನಾಟುತ್ತದೆ.

ಬಳ್ಳಿ, ತೆನೆ, ಮರ

ಕುಂಬಳ, ಸೋರೆ, ಹೀರೆ, ಹಾಗಲ, ಸವತಿ ಬಳ್ಳಿಗಳಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ, ಬಳ್ಳಿ ಮಾತ್ರ ಒಂದೇ. ಹೂವಿನ ಹಿಂದೆ ಬೆರಳಿನ ತುದಿಯಷ್ಟು ಎಳೆಗಾಯಿ ಕಂಡರೆ ಹೆಣ್ಣು. ಮೊದಲು ಬರುವುದು ಸಾಮಾನ್ಯವಾಗಿ ಗಂಡು ಹೂಗಳೇ, ಅವು ಉದುರಿದರೆ ಗಾಬರಿ ಬೇಡ. ಹೆಣ್ಣು ಹೂವಿನ ಎಳೆಗಾಯಿಯೇ ಹಳದಿಯಾಗಿ ಉದುರುತ್ತಿದ್ದರೆ ಹಲವು ಸಲ ಪರಾಗ ಸಿಕ್ಕಿಲ್ಲ ಎಂದು ಅರ್ಥ. ಆಗ ಕೈಯಿಂದ ಮಾಡಿ: ಅದೇ ಹೊತ್ತಿಗೆ ಅರಳಿದ ಗಂಡು ಹೂ ಕಿತ್ತು, ಎಸಳು ತೆಗೆದು, ನಡುವಿನ ಹಳದಿ ಭಾಗವನ್ನು ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಒರೆಸಿ. ಕುಂಬಳ, ಹಾಗಲಕ್ಕೆ ಬೆಳಗಿನ ಜಾವ. ಸೋರೆ, ಹೀರೆಗೆ ಸಂಜೆ, ಅವು ಅರಳುವುದೇ ಸಂಜೆ. ಮಡಹಾಗಲದ ವಿಷಯ ಬೇರೆ, ಅಲ್ಲಿ ಗಂಡು ಬಳ್ಳಿ ಹೆಣ್ಣು ಬಳ್ಳಿ ಬೇರೆ ಬೇರೆ. ಹೆಣ್ಣು ಬಳ್ಳಿಗಳ ನಡುವೆ ಒಂದೆರಡು ಗಂಡು ಬಳ್ಳಿ ಬಿಡದೆ ಕಾಯಿ ಬಾರದು.

ಮೆಕ್ಕೆಜೋಳದಲ್ಲಿ ತಲೆಯ ಮೇಲಿನ ಸೂಲಂಗಿ ಗಂಡು, ನಡುವಿನ ತೆನೆ ಹೆಣ್ಣು. ತೆನೆಯಿಂದ ಹೊರಗೆ ಇಳಿಬಿದ್ದ ರೇಷ್ಮೆ ನೂಲುಗಳಿವೆಯಲ್ಲ, ಒಂದೊಂದು ನೂಲೂ ಒಳಗಿನ ಒಂದೊಂದು ಕಾಳಿನದು. ನೂಲು ಹೊರಬಂದಾಗ ನೀರು ತಪ್ಪಿದರೆ ಪರಾಗ ಮುಟ್ಟದ ನೂಲಿನ ಜಾಗ ಖಾಲಿ ಉಳಿಯುತ್ತದೆ. ಹಲ್ಲುಬಿದ್ದ ತೆನೆಗೆ ಇದೇ ದೊಡ್ಡ ಕಾರಣ. ಔಡಲದ ಗೊನೆಯಲ್ಲಿ ಮೇಲಿನವು ಹೆಣ್ಣು ಹೂ, ಕೆಳಗಿನವು ಗಂಡು. ಯಾದಗಿರಿ ಕಡೆಯ ತಾಳೆ, ಈಚಲು ಮರಗಳಲ್ಲಿ ಮರವೇ ಗಂಡು ಅಥವಾ ಹೆಣ್ಣು. ಬೇಸಿಗೆಯಲ್ಲಿ ತಿನ್ನುವ ತಾಳೆಹಣ್ಣು ಹೆಣ್ಣು ಮರದ್ದೇ.

ತೊಗರಿಯಲ್ಲಿ ಮಾತ್ರ ಗಂಡು ಗಿಡ ಹುಡುಕಬೇಡಿ. ತೊಗರಿ, ಕಡಲೆ, ಶೇಂಗಾ ಹೂಗಳಲ್ಲಿ ಅಂಡಾಶಯವೂ ಕೇಸರವೂ ಒಂದೇ ಹೂವಿನಲ್ಲಿವೆ. ತೊಗರಿಯ ಹೂ ಉದುರಿದರೆ ಕಾರಣ ಮಂಜು, ಮೋಡ, ತೇವ, ಹುಳ ಇವುಗಳಲ್ಲಿ ಹುಡುಕಬೇಕು.

ಮೂರನೇ ಹೆಜ್ಜೆ: ಹುಳದಲ್ಲಿ ಹೆಣ್ಣು ಎಲ್ಲಿದೆ ನೋಡಿ

ತೊಗರಿಯ ಕಾಯಿಕೊರಕಕ್ಕೆ ಹೊಲದಲ್ಲಿ ಮೋಹಕ ಬಲೆ ಕಟ್ಟುತ್ತೀರಿ. ಅದರೊಳಗಿನ ಗುಳಿಗೆಯಲ್ಲಿರುವುದು ಹೆಣ್ಣು ಪತಂಗದ ವಾಸನೆಯನ್ನು ಹೋಲುವ ರಾಸಾಯನಿಕ. ಹಾಗಾಗಿ ಬಲೆಗೆ ಬೀಳುವುದು ಗಂಡು ಪತಂಗಗಳು ಮಾತ್ರ, ಮೊಟ್ಟೆ ಇಡುವ ಹೆಣ್ಣು ಹೊಲದಲ್ಲೇ ಇರುತ್ತದೆ. ಇದು ಗೊತ್ತಿಲ್ಲದೆ, ಬಲೆ ತುಂಬಿತು ಎಂದು ನೆಮ್ಮದಿಯಾಗಿ ಕುಳಿತವರ ಬೆಳೆ ಹೋಗಿದೆ. ಬಲೆ ತುಂಬುವುದು ಎಚ್ಚರಿಕೆಯ ಗಂಟೆ. ಎಕರೆಗೆ ಎರಡರಂತೆ ಕಟ್ಟಿ, ದಿನಾ ಬೆಳಿಗ್ಗೆ ಎಣಿಸಿ, ಎಣಿಕೆ ಏರತೊಡಗಿದ ಕೂಡಲೇ ಮೊಗ್ಗು, ಹೂ, ಎಳೆಗಾಯಿಗಳ ಮೇಲೆ ಮೊಟ್ಟೆ ಹುಡುಕಿ. ಅರ್ಧ ಮಿಲಿಮೀಟರಿನಷ್ಟು ದುಂಡನೆಯ, ಬಿಳಿ-ಹಳದಿ ಮೊಟ್ಟೆ, ಒಂದೊಂದಾಗಿ ಅಂಟಿರುತ್ತದೆ.

ಕುಸುಬಿಯ ಹೇನು ಇದಕ್ಕಿಂತ ಬೆರಗಿನದು. ಗಿಡದ ತುದಿಯಲ್ಲಿ ಕಪ್ಪಗೆ ಮುತ್ತಿಕೊಳ್ಳುವ ಆ ಹೇನುಗಳೆಲ್ಲ ಹೆಣ್ಣು. ಗಂಡಿನ ನೆರವಿಲ್ಲದೆ, ಮೊಟ್ಟೆಯನ್ನೂ ಇಡದೆ, ನೇರವಾಗಿ ಹೆಣ್ಣು ಮರಿಗಳನ್ನೇ ಹಾಕುತ್ತವೆ. ಒಂದು ವಾರ ಕಣ್ಣು ತಪ್ಪಿಸಿದರೆ ಹೊಲದ ತುಂಬ ಹರಡುವುದು ಇದೇ ಕಾರಣಕ್ಕೆ. ಮೊದಲು ಬದುವಿನ ಪಕ್ಕದ ಸಾಲುಗಳಲ್ಲಿ ಕಾಣಿಸುತ್ತದೆ, ಆಗಲೇ ಮುತ್ತಿದ ತುದಿ ಚಿವುಟಿ ನಾಶ ಮಾಡಿದರೆ ಬಹಳ ಉಳಿಯುತ್ತದೆ.

ಸೊಳ್ಳೆಯಲ್ಲಿ ಕಚ್ಚುವುದು ಹೆಣ್ಣು ಮಾತ್ರ. ಮೊಟ್ಟೆ ಬೆಳೆಸಲು ರಕ್ತದ ಪ್ರೋಟೀನ್ ಬೇಕು. ಗಂಡು ಸೊಳ್ಳೆ ಹೂವಿನ ರಸ ಕುಡಿದು ಬದುಕುತ್ತದೆ, ಅದರ ಮೀಸೆ ಪುಕ್ಕದಂತೆ ದಟ್ಟವಾಗಿರುತ್ತದೆ. ಜೇನಿನಲ್ಲಿ ರಾಣಿಯಷ್ಟೇ ಅಲ್ಲ, ದುಡಿಯುವ, ಕುಟುಕುವ ನೊಣಗಳೆಲ್ಲವೂ ಹೆಣ್ಣೇ.

ನಾಲ್ಕನೇ ಹೆಜ್ಜೆ: ಗೂಡು ಮತ್ತು ಕೊಟ್ಟಿಗೆ

ಒಂದು ಹಸಿ ಮೊಟ್ಟೆಯನ್ನು ತಟ್ಟೆಗೆ ಒಡೆದು ಹಾಕಿ. ಹುಂಜ ಕೂಡದ ಹೇಂಟೆಯ ಮೊಟ್ಟೆಯಾದರೆ ಆ ಹಳದಿಯಷ್ಟೂ ಒಂದೇ ಒಂದು ಕಣ, ಅದೇ ಹೇಂಟೆಯ ಅಂಡಾಣು. ಮೇಲಿನ ಚಿಕ್ಕ ಬಿಳಿ ಚುಕ್ಕೆಯಲ್ಲಿ ಜೀವದ ಬೀಜವಿದೆ, ಉಳಿದದ್ದು ಮರಿಗೆ ಆಹಾರ. ಹುಂಜವಿಲ್ಲದಿದ್ದರೂ ಹೇಂಟೆ ಮೊಟ್ಟೆ ಇಡುತ್ತದೆ, ಅದರಿಂದ ಮರಿ ಬರುವುದಿಲ್ಲ ಅಷ್ಟೇ. ಮರಿ ಬೇಕೆಂದರೆ ಹುಂಜ ಕೂಡಿದ ಮೊಟ್ಟೆಯನ್ನೇ ಕಾವಿಗೆ ಇಡಿ, 21 ದಿನ.

ಹೇಂಟೆಯಲ್ಲಿ ಸಾಮಾನ್ಯವಾಗಿ ಎಡಗಡೆಯ ಅಂಡಾಶಯ ಒಂದೇ ಕೆಲಸ ಮಾಡುತ್ತದೆ. ರೋಗದಿಂದಲೋ ಗಡ್ಡೆಯಿಂದಲೋ ಅದು ಹಾಳಾದರೆ ಹೆಣ್ಣಿನ ಹಾರ್ಮೋನ್ ಇಳಿಯುತ್ತದೆ, ಬಲಗಡೆಯ ಬೆಳೆಯದ ಅಂಗ ವೃಷಣದ ಹಾಗೆ ಬೆಳೆಯಬಹುದು. ಜುಟ್ಟು ದೊಡ್ಡದಾಗಿ ಹೇಂಟೆ ಕೂಗತೊಡಗುತ್ತದೆ. ಇದು ಶಕುನದ ವಿಷಯವೇ ಅಲ್ಲ. ಮನೆಗೆ ಕೇಡು ಎಂದು ಪೂಜೆಗೆ, ಶಾಂತಿಗೆ ಸಾಲ ಮಾಡಬೇಡಿ. ಅದೊಂದು ಹಕ್ಕಿಗೆ ಬಂದ ಕಾಯಿಲೆ.

ಆಕಳಿನ ಅವಳಿ ವಿಷಯ ದುಡ್ಡಿನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡದು. ಒಂದೇ ಸೂಲಿನಲ್ಲಿ ಹೋರಿಗರು, ಹೆಣ್ಣುಗರು ಎರಡೂ ಹುಟ್ಟಿದರೆ, ಆ ಹೆಣ್ಣುಗರು ಹತ್ತರಲ್ಲಿ ಒಂಬತ್ತು ಪಾಲು ಗಬ್ಬ ಕಟ್ಟುವುದಿಲ್ಲ. ಗರ್ಭದಲ್ಲಿ ಎರಡೂ ಕರುಗಳ ಮಾಸಿನ ರಕ್ತನಾಳಗಳು ಕೂಡಿಕೊಂಡು, ಹೋರಿಗರುವಿನ ಹಾರ್ಮೋನ್ ಹೆಣ್ಣುಗರುವಿನ ರಕ್ತಕ್ಕೆ ಹರಿದು, ಅದರ ಅಂಡಾಶಯ, ಗರ್ಭಾಶಯ ಬೆಳೆಯದಂತೆ ತಡೆಯುತ್ತದೆ. ಹೊರಗಿನಿಂದ ನೋಡಲು ಚೆಂದದ ಮಣಕ. ಸಾಕಿ, ಕಾದು, ಆಮೇಲೆ ತಿಳಿಯುವ ಬದಲು ಹುಟ್ಟಿದ ಮೊದಲ ವಾರಗಳಲ್ಲೇ ದನದ ದವಾಖಾನೆಗೆ ತೋರಿಸಿ. ಯೋನಿನಾಳದ ಉದ್ದ ಪರೀಕ್ಷಿಸಿ ವೈದ್ಯರು ಬಹುತೇಕ ಹೇಳಬಲ್ಲರು. ದನ ಕೊಳ್ಳುವಾಗಲೂ ಮಾರುವವರನ್ನು ಈ ಮಾತು ಕೇಳಿ: "ಅಣ್ಣಾರ, ಈ ಮಣಕ ಒಂಟಿ ಹುಟ್ಟೇದೋ, ಹೋರಿ ಜೊತಿ ಅವಳಿ ಹುಟ್ಟೇದೋ?" ಎರಡೂ ಹೆಣ್ಣುಗರುಗಳಾದರೆ ಈ ಭಯವಿಲ್ಲ.

ಆರೋಗ್ಯವಾಗಿರುವ ಮಣಕ ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಬೇರೆ ದನ ಮೇಲೇರಿದಾಗ ಅಲುಗದೆ ನಿಲ್ಲುವುದು, ಗಾಜಿನಂಥ ಲೋಳೆ, ಕೂಗಾಟ ಇವು ಗುರುತು. ಬೆಳಿಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಗಬ್ಬ ಕಟ್ಟಿಸಿ. ಎಮ್ಮೆಯಲ್ಲಿ ಗುರುತುಗಳು ಮಂದ, ರಾತ್ರಿ ಹೊತ್ತೇ ಹೆಚ್ಚು ಕಾಣುತ್ತವೆ.

ಐದನೇ ಹೆಜ್ಜೆ: ತೀರ್ಮಾನ ಎಲ್ಲಾಗುತ್ತದೆ ತಿಳಿಯಿರಿ

ಹೆಣ್ಣು ಎಂಬುದು ಎಲ್ಲ ಕಡೆ ಒಂದೇ, ಆದರೆ ಹೆಣ್ಣಾಗುವ ದಾರಿಗಳು ಹಲವು. ಕೋಳಿಯಲ್ಲಿ ಗಂಡಿಗೆ ಎರಡು ಝಡ್ ವರ್ಣತಂತು, ಹೆಣ್ಣಿಗೆ ಒಂದು ಝಡ್ ಒಂದು ಡಬ್ಲ್ಯೂ. ಮರಿ ಹುಂಜವೋ ಹೇಂಟೆಯೋ ಎಂಬುದು ಹೇಂಟೆಯ ಅಂಡಾಣುವಿನಲ್ಲೇ ತೀರ್ಮಾನ. ಪತಂಗ, ಚಿಟ್ಟೆಗಳಲ್ಲೂ ಬಹುತೇಕ ಹೀಗೇ. ಜೇನಿನಲ್ಲಿ ವೀರ್ಯಾಣು ಕೂಡಿದ ಮೊಟ್ಟೆ ಹೆಣ್ಣು, ಕೂಡದ್ದು ಗಂಡು. ಕೃಷ್ಣಾ ನದಿಯ ಮೊಸಳೆಗೆ ಲಿಂಗದ ವರ್ಣತಂತುವೇ ಇಲ್ಲ, ಮರಳಿನ ಬಿಸಿ ತೀರ್ಮಾನಿಸುತ್ತದೆ: 31 ಡಿಗ್ರಿಯವರೆಗೆ ಕಾವು ಸಿಕ್ಕ ಮೊಟ್ಟೆಗಳಿಂದ ಹೆಣ್ಣು, 32.5ರ ಆಸುಪಾಸಿನಲ್ಲಿ ಹೆಚ್ಚಾಗಿ ಗಂಡು.

ದನ, ಆಡು, ಕುರಿ, ಮನುಷ್ಯ ಇವುಗಳಲ್ಲಿ ಹೆಣ್ಣಿಗೆ ಎರಡು ಎಕ್ಸ್, ಗಂಡಿಗೆ ಒಂದು ಎಕ್ಸ್ ಒಂದು ವೈ. ಅಂಡಾಣುವಿನಲ್ಲಿ ಯಾವಾಗಲೂ ಎಕ್ಸ್. ವೀರ್ಯಾಣುಗಳಲ್ಲಿ ಸುಮಾರು ಅರ್ಧ ಎಕ್ಸ್, ಅರ್ಧ ವೈ. ಯಾವುದು ಮೊದಲು ಅಂಡಾಣುವನ್ನು ಕೂಡಿತೋ ಅದರ ಮೇಲೆ ಮಗು ಹೆಣ್ಣೋ ಗಂಡೋ ಎಂಬುದು ನಿಂತಿದೆ. 1905ರಲ್ಲಿ ನೆಟ್ಟಿ ಸ್ಟೀವನ್ಸ್ ಎಂಬ ಮಹಿಳಾ ವಿಜ್ಞಾನಿ ಹಿಟ್ಟಿನ ಹುಳದಲ್ಲಿ ಸಣ್ಣದಾದ ವೈ ವರ್ಣತಂತುವನ್ನು ಕಂಡು, ಅದನ್ನು ಹೊತ್ತ ವೀರ್ಯಾಣುವಿನಿಂದ ಗಂಡು ಹುಟ್ಟುತ್ತದೆ ಎಂದು ತೋರಿಸಿದರು. ಗಂಡಿನ ದಾರಿಗೆ ಚಾಲನೆ ಕೊಡುವ ಎಸ್‌ಆರ್‌ವೈ ವಂಶವಾಹಿ ವೈ ಮೇಲೆ ಸಿಕ್ಕಿದ್ದು 1990ರಲ್ಲಿ.

ಈಗ ದನದ ದವಾಖಾನೆಗೆ ಹೋಗಿ ಹೆಣ್ಣುಗರು ಹುಟ್ಟುವ ಲಿಂಗ ವಿಂಗಡಿತ ವೀರ್ಯದ ಕಡ್ಡಿ ಕೇಳುವ ರೈತರಿದ್ದಾರೆ. ಎಕ್ಸ್ ಹೊತ್ತ ವೀರ್ಯಾಣುವಿನಲ್ಲಿ ಡಿಎನ್‌ಎ ಸುಮಾರು 4% ಹೆಚ್ಚು. ಆ ವ್ಯತ್ಯಾಸ ಹಿಡಿದು ಯಂತ್ರದಲ್ಲಿ ವಿಂಗಡಿಸುತ್ತಾರೆ, ಹತ್ತರಲ್ಲಿ ಒಂಬತ್ತರಷ್ಟು ಹೆಣ್ಣುಗರು ಬರುತ್ತವೆ. ಆಕಳನ್ನು ಬದಲಿಸಿ ಎಂದು ಯಾರೂ ಹೇಳುವುದಿಲ್ಲ, ಕಡ್ಡಿ ಬದಲಿಸುತ್ತಾರೆ. ಕೊಟ್ಟಿಗೆಯಲ್ಲಿ ಇಷ್ಟು ಚೆನ್ನಾಗಿ ಗೊತ್ತಿರುವ ಮಾತು ಹೊಸ್ತಿಲು ದಾಟಿ ಒಳಗೆ ಬಂದ ಕೂಡಲೇ ಯಾಕೆ ಮರೆತುಹೋಗುತ್ತದೆ? ಮೂರನೆಯದೂ ಹೆಣ್ಣಾಯಿತು ಎಂದು ಬಾಣಂತಿಯನ್ನು ತವರಿಗೆ ಕಳಿಸಿ ಕರೆಯಲು ಹೋಗದ ಮನೆಗಳಿವೆ. ನನಗೆ ಇದನ್ನು ಸಮಾಧಾನದಿಂದ ಬರೆಯಲು ಆಗುವುದಿಲ್ಲ. ಅವಳ ಅಂಡಾಣುವಿನಲ್ಲಿ ಕೊಡಲು ಇದ್ದದ್ದೇ ಎಕ್ಸ್. ಹಾಗೆಂದು ಗಂಡನನ್ನು ಬೈಯುವುದೂ ಸರಿಯಲ್ಲ, ಯಾವ ವೀರ್ಯಾಣು ಮುಂದೆ ಹೋಗಬೇಕೆಂದು ಅವನು ಆರಿಸಿಲ್ಲ. ಹೆಣ್ಣು ಹುಟ್ಟುವುದು ತಪ್ಪಲ್ಲವಾದ್ದರಿಂದ ತಪ್ಪಿತಸ್ಥರನ್ನು ಹುಡುಕುವ ಕೆಲಸವೇ ಇಲ್ಲ.

ದನಕ್ಕೆ ಮಾಡುವುದನ್ನು ಮನುಷ್ಯರಿಗೆ ಮಾಡುವಂತಿಲ್ಲ ಎಂಬುದೂ ನೆನಪಿರಲಿ. 1994ರ ಕಾಯ್ದೆ ಮತ್ತು ಅದಕ್ಕೆ ಆಮೇಲೆ ಬಂದ ತಿದ್ದುಪಡಿಯ ಪ್ರಕಾರ ಗರ್ಭದಲ್ಲಿ ಲಿಂಗ ಪತ್ತೆ ಮಾಡುವುದೂ, ಗರ್ಭ ಕಟ್ಟುವ ಮುಂಚೆ ಲಿಂಗ ಆಯ್ಕೆ ಮಾಡುವುದೂ ಅಪರಾಧ. ಗಂಡು ಮಗುವಾಗುವ ಔಷಧಿ ಎಂದು ಮಾರುವ ಪುಡಿ, ಬೇರುಗಳನ್ನು ಗರ್ಭಿಣಿಗೆ ಕೊಡಬೇಡಿ. ಗರ್ಭ ಕಟ್ಟಿದ ಕ್ಷಣದಲ್ಲೇ ವರ್ಣತಂತು ತೀರ್ಮಾನವಾಗಿದೆ. ಪುಡಿಯಲ್ಲಿ ಹಾರ್ಮೋನ್ ಬೆರೆತಿದ್ದರೆ ಮಗುವಿನ ಅಂಗಗಳಿಗೇ ಅಪಾಯ.

ಆರನೇ ಹೆಜ್ಜೆ: ಹೆಣ್ಣು ದೇಹ ಬೇರೆ ರೀತಿ ಬೆಳೆದಾಗ

ಹೆಣ್ಣು ಮಗು ಹುಟ್ಟುವಾಗಲೇ ಅದರ ಅಂಡಾಶಯಗಳಲ್ಲಿ 10ರಿಂದ 20 ಲಕ್ಷ ಎಳೆಯ ಅಂಡಾಣುಗಳಿರುತ್ತವೆ. ಮೈನೆರೆಯುವ ಹೊತ್ತಿಗೆ 3-4 ಲಕ್ಷ ಉಳಿದು, ಇಡೀ ಬದುಕಿನಲ್ಲಿ ಪಕ್ವವಾಗಿ ಹೊರಬರುವುದು 400ರ ಆಸುಪಾಸು. ಅಂದರೆ ನಿಮ್ಮ ಮಗಳ ಅರ್ಧ ಪಾಲು ನಿಮ್ಮ ಹೆಂಡತಿ ತನ್ನ ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಅಲ್ಲಿತ್ತು. ಗರ್ಭಿಣಿಗೆ ಹೊಟ್ಟೆ ತುಂಬ ಊಟ ಹಾಕಿ ಎನ್ನುವುದರಲ್ಲಿ ಮೊಮ್ಮಕ್ಕಳ ಪಾಲೂ ಇದೆ.

ಕೆಲವು ಸಲ ಬೆಳವಣಿಗೆಯ ದಾರಿ ಬೇರೆಯಾಗುತ್ತದೆ. ಎರಡು ಎಕ್ಸ್ ಬದಲು ಒಂದೇ ಇರುವ ಟರ್ನರ್ ಸ್ಥಿತಿ, ಗರ್ಭಾಶಯವಿಲ್ಲದೆ ಹುಟ್ಟುವುದು, ಎಕ್ಸ್-ವೈ ಇದ್ದರೂ ಗಂಡಿನ ಹಾರ್ಮೋನಿಗೆ ದೇಹ ಓಗೊಡದೆ ಹೊರಗಿನಿಂದ ಪೂರ್ತಿ ಹೆಣ್ಣಾಗಿ ಬೆಳೆಯುವುದು, ಹೀಗೆ. ಇವರು ಹೆಣ್ಣುಮಕ್ಕಳಾಗಿ ಬೆಳೆದು ಬದುಕು ನಡೆಸುತ್ತಾರೆ, ಶಾಪ ಎಂದು ಮುಚ್ಚಿಡುವ ವಿಷಯವಿಲ್ಲ. ದೇಹದ ಲಿಂಗ ಒಂದು, ವ್ಯಕ್ತಿ ತನ್ನನ್ನು ತಾನು ಯಾರೆಂದು ಕಾಣುತ್ತಾರೆ ಎಂಬುದು ಇನ್ನೊಂದು. ಎರಡನೆಯದನ್ನು ಗೌರವಿಸಬೇಕೆಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ಅಂಡಾಣುವಿನ ಜೀವಶಾಸ್ತ್ರ ಹಿಡಿದು ಯಾರನ್ನೂ ಬೀದಿಯಲ್ಲಿ ಹೀಯಾಳಿಸಲು ಪರವಾನಗಿ ಸಿಗುವುದಿಲ್ಲ.

ವೈದ್ಯರ ಹತ್ತಿರ ಹೋಗಬೇಕಾದ ಸಂದರ್ಭಗಳಿವು. ಹುಡುಗಿಗೆ 13 ವರ್ಷವಾದರೂ ಎದೆ ಬೆಳೆಯತೊಡಗಿಲ್ಲ, ಅಥವಾ 15 ತುಂಬಿದರೂ ಮುಟ್ಟಾಗಿಲ್ಲ ಎಂದರೆ ತಡಮಾಡಬೇಡಿ. ಮುಟ್ಟಾಗದೆ ತಿಂಗಳಿಗೊಮ್ಮೆ ಕಿಬ್ಬೊಟ್ಟೆ ಹಿಂಡುತ್ತಿದ್ದರೆ ರಕ್ತ ಒಳಗೇ ಕಟ್ಟಿಕೊಂಡಿರಬಹುದು, ಚಿಕ್ಕ ಶಸ್ತ್ರಚಿಕಿತ್ಸೆಯಿಂದ ಸರಿಹೋಗುವ ಕಾರಣವೂ ಇರುತ್ತದೆ. ನಿಜ ಮುಚ್ಚಿ ಮದುವೆ ಮಾಡಿ ಆಮೇಲೆ ಹುಡುಗಿಯನ್ನು ಒಬ್ಬಳೇ ಅನುಭವಿಸಲು ಬಿಡಬೇಡಿ.

ಎಲ್ಲಕ್ಕಿಂತ ತುರ್ತಿನದು ಒಂದಿದೆ. ಹುಟ್ಟಿದ ಮಗುವಿನ ಜನನಾಂಗ ನೋಡಿ ಹೆಣ್ಣೋ ಗಂಡೋ ಸ್ಪಷ್ಟವಾಗದಿದ್ದರೆ ಊರವರಿಂದ ಮುಚ್ಚಿಡುವ ಆತುರದಲ್ಲಿ ದಿನ ಕಳೆಯಬೇಡಿ. ಇದಕ್ಕೆ ಸಾಮಾನ್ಯ ಕಾರಣವೊಂದು ಅಡ್ರಿನಲ್ ಗ್ರಂಥಿಯ ಹುಟ್ಟು ದೋಷ. ಅದರಲ್ಲಿ ಎರಡು ಎಕ್ಸ್ ಇರುವ, ಒಳಗೆ ಅಂಡಾಶಯ, ಗರ್ಭಾಶಯ ಸರಿಯಾಗಿರುವ ಹೆಣ್ಣು ಮಗುವೇ ಹೊರಗೆ ಗಂಡಿನಂತೆ ಕಾಣಬಹುದು. ಮೊದಲ ಒಂದೆರಡು ವಾರದಲ್ಲಿ ಮೈಯ ಉಪ್ಪು ಸೋರಿಹೋಗಿ, ವಾಂತಿಯಾಗಿ, ಮಗು ಸೊರಗಿ ಪ್ರಾಣವೇ ಹೋಗಬಹುದು. ಔಷಧಿ ಸಿಕ್ಕರೆ ಚೆನ್ನಾಗಿ ಬೆಳೆಯುತ್ತದೆ. ತಂದೆ-ತಾಯಿ ಇಬ್ಬರಿಂದಲೂ ಬರಬೇಕಾದ ದೋಷ ಇದು, ಹಾಗಾಗಿ ಸೋದರಮಾವನ ಜೊತೆ, ಅತ್ತೆಯ ಮಗನ ಜೊತೆ ಆದ ಮದುವೆಗಳಲ್ಲಿ ಸಾಧ್ಯತೆ ಹೆಚ್ಚು. ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ. ಮಕ್ಕಳ ವಿಭಾಗಕ್ಕೆ ಅದೇ ದಿನ ಕರೆದೊಯ್ಯಿರಿ. ಪರೀಕ್ಷೆ ಮುಗಿಯುವ ತನಕ ಹೆಸರು ಇಡುವುದನ್ನು, ಜನನ ಪತ್ರದ ನೋಂದಣಿಯನ್ನು ಹೇಗೆ ಮಾಡಬೇಕೆಂದು ವೈದ್ಯರನ್ನೇ ಕೇಳಿ.

ಮಕ್ಕಳಿಗೆ ಹೇಳುವ ಕ್ರಮ

ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು, ಮನೆಯ ಹಿರಿಯರು ಇದನ್ನು ಮಕ್ಕಳಿಗೆ ಹೇಳುವಾಗ ಮನುಷ್ಯರಿಂದ ಶುರು ಮಾಡಬೇಡಿ, ಮಕ್ಕಳು ನಾಚಿ ಕಿವಿ ಮುಚ್ಚಿಕೊಳ್ಳುತ್ತಾರೆ. ಕುಂಬಳದ ಎರಡು ಹೂ ತನ್ನಿ, ಎಳೆಗಾಯಿ ಯಾವುದರ ಹಿಂದಿದೆ ಎಂದು ಅವರೇ ಹುಡುಕಲಿ. ಮೆಕ್ಕೆಜೋಳದ ಒಂದು ನೂಲು ಹಿಡಿದು ಕಾಳಿನವರೆಗೆ ಬಿಡಿಸಿಕೊಂಡು ಹೋಗಲಿ. ಆಮೇಲೆ ತಟ್ಟೆಯಲ್ಲಿ ಮೊಟ್ಟೆ. ಆಮೇಲೆ ಆಕಳು-ಕರು. ಅಷ್ಟು ಹೊತ್ತಿಗೆ ಅಂಡಾಶಯ, ಗರ್ಭಾಶಯ, ಯೋನಿ, ಮುಟ್ಟು ಎಂಬ ಪದಗಳನ್ನು ಅಳುಕದೆ ಹೇಳಬಹುದು, ಮಕ್ಕಳೂ ಅಳುಕದೆ ಕೇಳುತ್ತಾರೆ. ಹುಡುಗರನ್ನು ಹೊರಗೆ ಕಳಿಸಬೇಡಿ. ನಾಳೆ ಗಂಡನಾಗಿ, ಅಪ್ಪನಾಗಿ ಈ ತಿಳಿವಳಿಕೆ ಅವರಿಗೂ ಬೇಕು. ಕೊಠಡಿಯ ಮೂಲೆಯಲ್ಲಿ ಒಂದು ಡಬ್ಬಿ ಇಡಿ, ಹೆಸರು ಬರೆಯದೆ ಪ್ರಶ್ನೆಯ ಚೀಟಿ ಹಾಕಲು ಹೇಳಿ, ಬಂದ ಚೀಟಿಗಳಿಗೆಲ್ಲ ಮಾರನೇ ದಿನವೇ ಎಲ್ಲರ ಮುಂದೆ ಉತ್ತರ ಕೊಡಿ.